ಮೂವತ್ತೊಂದನೆಯ ಓಟಗಾರ

ಎಲ್ಕ್ ಫೋರ್ಡಿನ ಚೀಸ್ ಕಾರ್ಖಾನೆಯಲ್ಲಿ ವರ್ಲಿನ್ ಆಮುಂಡ್ರುಡ್ ಮೂವತ್ತೆಂಟು ವರ್ಷ ದರ್ಜೆ ಹಾಕುವ ಕೆಲಸ ಮಾಡಿದ. ನಲವತ್ತು ಪೌಂಡಿನ ಗಟ್ಟಿಯೊಳಕ್ಕೆ ಟೊಳ್ಳು ಸಲಾಕೆ ಚುಚ್ಚಿ, ಅರ್ಧ ಸುತ್ತು ತಿರುಗಿಸಿ, ಬೆರಳುದ್ದದ ತುಣುಕೊಂದನ್ನು ಹೊರಗೆಳೆಯುತ್ತಿದ್ದ. ಮೊದಲು ಮೂಸುವುದು. ಆಮೇಲೆ ಬಗ್ಗಿಸಿ ನೋಡುವುದು, ಬೆರಳುಗಳ ನಡುವೆ ತಿಕ್ಕುವುದು, ಕೊನೆಗೆ ಒಂದು ಚೂರು ನಾಲಿಗೆಯ ಮೇಲಿಟ್ಟು ಉಗಿಯುವುದು. ಉಳಿದ ತುಣುಕನ್ನು ಬಂದಲ್ಲಿಗೇ ಸೇರಿಸಿ, ತೂತಿನ ಬಾಯನ್ನು ಬೆರಳಿನಿಂದ ಸವರಿ ಮುಚ್ಚಿ, ಹಾಳೆಯ ಮೇಲೆ ಒಂದು ಅಕ್ಷರ ಬರೆದರೆ ಮುಗಿಯಿತು. ಆ ಅಕ್ಷರಕ್ಕೆ ಯಾರೂ ಎದುರು ಮಾತಾಡುವಂತಿರಲಿಲ್ಲ. ಒಮ್ಮೆ ತನ್ನ ಸ್ವಂತ ಚಿಕ್ಕಪ್ಪ ಮಾಡಿದ ಇಡೀ ತೊಟ್ಟಿಯ ಚೀಸನ್ನು ಎರಡನೆಯ ದರ್ಜೆಗೆ ಇಳಿಸಿದ್ದ. ಚಿಕ್ಕಪ್ಪ ಆ ವರ್ಷ ಕ್ರಿಸ್‌ಮಸ್ ಊಟಕ್ಕೆ ಬರಲಿಲ್ಲ. ವರ್ಲಿನ್‌ನ ಮೂಗಿಗೆ ನೆಂಟರಿಷ್ಟರಿಲ್ಲ ಎಂದು ಊರವರು ನಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಹಿಗ್ಗು.

ಅದೇ ಮೂಗನ್ನು ಅವನು ಫುಟ್‌ಬಾಲಿಗೂ ತಂದ, ಕಾಲಿನಿಂದ ಒದೆಯುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿಗೆ.

ಊರಿನಲ್ಲಿ ಹನ್ನೆರಡು ತಂಡಗಳ ಒಂದು ಕೂಟವಿದೆ. ಆಡುವ ತಂಡಗಳಲ್ಲ, ಕಾಗದದ ಮೇಲಿನ ತಂಡಗಳು. ಆಗಸ್ಟ್ ಕೊನೆಯ ಶನಿವಾರ ಮಧ್ಯಾಹ್ನ ‘ಡ್ರಾಫ್ಟ್’ ಎಂಬ ಆಯ್ಕೆಗೆ ಎಲ್ಲರೂ ಅಗ್ನಿಶಾಮಕ ಠಾಣೆಯಲ್ಲಿ ಸೇರುತ್ತಾರೆ. ಬಂಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮಡಚುವ ಮೇಜುಗಳನ್ನು ಹಾಕಿ, ಗೋಡೆಯ ಮೇಲೆ ದೊಡ್ಡ ಹಾಳೆ ಅಂಟಿಸುತ್ತಾರೆ. ಸರದಿಯ ಪ್ರಕಾರ ಒಬ್ಬೊಬ್ಬರೂ ದೇಶದ ದೊಡ್ಡ ತಂಡಗಳಲ್ಲಿ ಆಡುವ ಒಬ್ಬೊಬ್ಬ ಆಟಗಾರನ ಹೆಸರಿನ ಚೀಟಿಯನ್ನು ತೆಗೆದುಕೊಂಡು ತಮ್ಮ ತಂಡದ ಸಾಲಿನಲ್ಲಿ ಹಚ್ಚುತ್ತಾರೆ. ಹಚ್ಚಿದ ಚೀಟಿಯನ್ನು ಕೀಳುವಂತಿಲ್ಲ, ಒಬ್ಬರು ತೆಗೆದವನು ಇನ್ನೊಬ್ಬರಿಗಿಲ್ಲ. ಆಮೇಲೆ ಚಳಿಗಾಲದವರೆಗೆ ಪ್ರತಿ ಭಾನುವಾರ ಆ ಆಟಗಾರರು ಎಲ್ಲೋ ದೂರದ ಮೈದಾನದಲ್ಲಿ ಎಷ್ಟು ಗಜ ಓಡಿದರೋ ಅಷ್ಟು ಅಂಕ ಇಲ್ಲಿ ಎಲ್ಕ್ ಫೋರ್ಡಿನಲ್ಲಿ ಅವರ ಹೆಸರು ಹಚ್ಚಿಕೊಂಡವರಿಗೆ.

ತಂಡ ಕಟ್ಟುವುದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಓಟಗಾರರ ಆಯ್ಕೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆಯಂಥ ಆಳುಗಳ ನಡುವೆ ನುಗ್ಗುವವರು ಅವರು. ಬೇಗ ಸವೆದುಹೋಗುತ್ತಾರೆ. ಇಪ್ಪತ್ತೆಂಟು ದಾಟಿತೆಂದರೆ ಯಾವ ಭಾನುವಾರ ಮಂಡಿ ಕೈಕೊಡುತ್ತದೆಯೋ ಹೇಳಲಾಗದು. ವರ್ಲಿನ್ ಪ್ರತಿ ಬೇಸಿಗೆಯಲ್ಲೂ ಅರವತ್ತು ಓಟಗಾರರಿಗೆ ಅರವತ್ತು ಕಾರ್ಡು ಬರೆದು, ಅಡುಗೆಯ ವಿಧಾನಗಳನ್ನು ಇಡುವ ತಗಡಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸುತ್ತಿದ್ದ. ವಯಸ್ಸು, ಹಿಂದಿನ ವರ್ಷ ಎಷ್ಟು ಸಲ ಚೆಂಡು ಹಿಡಿದು ಓಡಿದ, ಅವನಿಗೆ ದಾರಿ ಬಿಡಿಸುವವರು ಎಂಥವರು, ಇವೆಲ್ಲ ಎಲ್ಲರೂ ನೋಡುವ ಲೆಕ್ಕಗಳೇ. ವರ್ಲಿನ್ ಇನ್ನೊಂದನ್ನು ನೋಡುತ್ತಿದ್ದ. ಹಳೆಯ ಪಂದ್ಯಗಳನ್ನು ಮತ್ತೆ ಹಾಕಿಕೊಂಡು, ಕೆಳಗೆ ಬಿದ್ದ ಓಟಗಾರ ಹೇಗೆ ಏಳುತ್ತಾನೆ ಎಂದು ಗಮನಿಸುತ್ತಿದ್ದ. ಚಿಮ್ಮಿ ಎದ್ದನೋ, ನೆಲಕ್ಕೆ ಕೈಯೂರಿ ಎದ್ದನೋ? ಕೈಯೂರಿದ್ದಕ್ಕೆಲ್ಲ ಒಂದೊಂದು ಗೀಟು. ಗೀಟು ಹೆಚ್ಚಾದಷ್ಟೂ ಕಾರ್ಡು ಹಿಂದಕ್ಕೆ.

ವರ್ಲಿನ್‌ನ ತಂಡದಲ್ಲಿ ಅವನಿಗೆ ಅರ್ಧ ಪಾಲುದಾರ ಅಕ್ಕ ಮಾರ್ಲಿಸ್‌ಳ ಗಂಡ ಆರಿನ್ ಟೆಶ್. ಆರಿನ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು, ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಹಳೆಯದಾದಷ್ಟೂ ಬೆಲೆ ಏರುವ ಚೀಸಿನ ಮೇಲೆ ತಂಡಕ್ಕೆ ‘ಹತ್ತು ವರ್ಷದ ಚೆಡ್ಡರ್’ ಎಂದು ಹೆಸರಿಟ್ಟವನೂ ಅವನೇ. ಇಪ್ಪತ್ತಾರು ವರ್ಷ ಇಬ್ಬರೂ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂತು ಆಯ್ಕೆ ಮಾಡಿದರು. ವರ್ಲಿನ್ ಕಾರ್ಡು ತೆಗೆಯುವುದು, ಆರಿನ್ ಎದ್ದು ಹೋಗಿ ಚೀಟಿ ಹಚ್ಚುವುದು. ಕಾರ್ಡಿನ ಮೇಲೆ ಆರಿನ್ ಒಂದು ದಿನವೂ ಜಗಳ ತೆಗೆಯಲಿಲ್ಲ.

ಇಪ್ಪತ್ತೇಳನೆಯ ವರ್ಷ ಆರಿನ್‌ಗೆ ಎದೆ ಕೆಟ್ಟಿತು. ಆ ಬೇಸಿಗೆಯೆಲ್ಲ ಅವನು ಮುಂಬಾಗಿಲ ಜಗಲಿಯಲ್ಲಿ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ರಸ್ತೆ ನೋಡುತ್ತಾ ಕೂತಿರುತ್ತಿದ್ದ. ಡ್ರಾಫ್ಟಿನ ಹಿಂದಿನ ದಿನ ವರ್ಲಿನ್ ಡಬ್ಬಿ ಹಿಡಿದುಕೊಂಡು ಹೋದ.

“ಬಾರಯ್ಯ ದರ್ಜೆ ಮಾಸ್ತರ,” ಎಂದ ಆರಿನ್. “ಗ್ಯಾಡಿಸ್ ಎಷ್ಟನೆಯವನು?”

ಟೆರೆಲ್ ಗ್ಯಾಡಿಸ್‌ಗೆ ಆಗ ಮೂವತ್ತು ವರ್ಷ. ಅದೇ ರಾಜ್ಯದ ಕಾಲೇಜು ತಂಡದಲ್ಲಿ ಆಡಿ ಬೆಳೆದವನು. ಹಿಂದೊಮ್ಮೆ ಮೊಣಕಾಲುದ್ದ ಹಿಮ ಬಿದ್ದ ದಿನ ಅವನು ಓಡುವುದನ್ನು ಆರಿನ್ ಮೈದಾನದಲ್ಲೇ ಕೂತು ನೋಡಿದ್ದ. ಆಗಿನಿಂದ ಆ ಹುಡುಗ ಅವನ ಮನೆಮಗನಂತೆ.

“ಮೂವತ್ತೊಂದು,” ಎಂದ ವರ್ಲಿನ್.

“ಮೂವತ್ತೊಂದಾ!” ಆರಿನ್ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. “ಅಲ್ಲ ಕಣೋ, ಚೀಸ್‌ಗೆ ವಯಸ್ಸಾದ್ರೆ ಮೇಲಿನ ಕಪಾಟಿಗೆ ಏರಿಸ್ತೀಯ. ಮನುಷ್ಯನಿಗೆ ವಯಸ್ಸಾದ್ರೆ ಡಬ್ಬಿ ತಳಕ್ಕೆ ಹಾಕ್ತೀಯ. ಇದ್ಯಾವ ನ್ಯಾಯ?”

“ಬಿದ್ರೆ ಕೈಯೂರಿ ಏಳ್ತಾನೆ. ಹೋದ ವರ್ಷ ನಲವತ್ತೊಂದು ಸಲ. ಎಣಿಸಿದೀನಿ.”

“ನಾನೂ ಕೈಯೂರಿಯೇ ಏಳೋದು ಈಗ.”

ವರ್ಲಿನ್ ಡಬ್ಬಿಯ ಮುಚ್ಚಳ ಹಾಕಿದ.

“ನೋಡು,” ಎಂದ ಆರಿನ್, ದನಿ ತಗ್ಗಿಸಿ. “ಇಪ್ಪತ್ತಾರು ವರ್ಷ ನಿನ್ನ ಕಾರ್ಡಿಗೆ ತಲೆಯಾಡಿಸಿದೀನಿ. ಈ ಸಲ ಒಂದೇ ಒಂದು ಹೆಸರು ನಂದು. ಮೂರನೇ ಸುತ್ತಿನಲ್ಲಿ ಗ್ಯಾಡಿಸ್‌ನ ತಗೋ. ಮುಂದಿನ ಸುತ್ತಿಗೆ ಕಾಯಬೇಡ. ಭಾನುವಾರ ಭಾನುವಾರ ಅವನನ್ನ ನಮ್ಮವನು ಅಂದ್ಕೊಂಡು ನೋಡ್ಬೇಕು ನನಗೆ. ಇಷ್ಟೇ.”

“ಆಯ್ತು,” ಎಂದ ವರ್ಲಿನ್.

“ಮಾತು?”

“ಮಾತು.”

ಮರುದಿನ ಮಾರ್ಲಿಸ್ ಕಟ್ಟಿಕೊಟ್ಟ ಕುಂಬಳದ ಸಿಹಿ ಬಿಲ್ಲೆಗಳನ್ನು ಹಿಡಿದುಕೊಂಡು ವರ್ಲಿನ್ ಒಬ್ಬನೇ ಠಾಣೆಗೆ ಹೋದ. ಪಕ್ಕದ ಕುರ್ಚಿಯ ಮೇಲೆ ಯಾರೂ ಕೂರದಂತೆ ಟೋಪಿ ಇಟ್ಟ. ಅವನ ಸರದಿ ಹತ್ತನೆಯದು. ಅವನ ನಂತರ ಹನ್ನೊಂದನೆಯವನು ಟಪಾಲು ಹಂಚುವ ಗೇಲನ್ ಪ್ರಿಬಿಲ್, ಕೊನೆಯವಳು ಹಾರ್ಡ್‌ವೇರ್ ಅಂಗಡಿಯ ಜೋಲೀನ್. ಸರದಿ ಹನ್ನೆರಡಕ್ಕೆ ಮುಟ್ಟಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಜೋಲೀನ್ ಒಂದರ ಹಿಂದೆ ಒಂದರಂತೆ ಎರಡು ಹೆಸರು ತೆಗೆದು, ಗೇಲನ್ ಮತ್ತೊಂದು ತೆಗೆದರೆ ಮತ್ತೆ ವರ್ಲಿನ್‌ನದೇ.

ಮೂರನೆಯ ಸುತ್ತಿನಲ್ಲಿ ಅವನ ಹೆಸರು ಕೂಗಿದಾಗ ವರ್ಲಿನ್ ಡಬ್ಬಿಗೆ ಕೈಹಾಕಿ ನಿಂತುಬಿಟ್ಟ. ಅವನ ಪಟ್ಟಿಯ ಹದಿನಾಲ್ಕನೆಯವನು, ಜಮಾರ್ ಲ್ಯೂಟ್ ಎಂಬ ಇಪ್ಪತ್ತಮೂರರ ಹುಡುಗ, ಇನ್ನೂ ಉಳಿದಿದ್ದ. ಉಳಿಯಲೇಬಾರದಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದರೆ ಚೆಂಡಿನಂತೆಯೇ ಪುಟಿದು ಏಳುವವನು. ಅವನ ಕಾರ್ಡಿನಲ್ಲಿ ಇದ್ದದ್ದು ಎರಡೇ ಗೀಟು.

ಹದಿನಾಲ್ಕನೆಯವನನ್ನು ಬಿಟ್ಟು ಮೂವತ್ತೊಂದನೆಯವನನ್ನು ತೆಗೆದುಕೊಳ್ಳುವುದು ಹೇಗೆ?

ಅವನು ಲೆಕ್ಕ ಹಾಕಿದ. ಮತ್ತೆ ತನ್ನ ಸರದಿ ಬರುವಷ್ಟರಲ್ಲಿ ಹೋಗುವುದು ನಾಲ್ಕೇ ಹೆಸರು. ಜೋಲೀನ್‌ಗೆ ಬೇಕಾಗಿರುವುದು ಚೆಂಡು ಎಸೆಯುವವನು. ಗೇಲನ್‌ನ ಸಾಲಿನಲ್ಲಿ ಆಗಲೇ ಇಬ್ಬರು ಓಟಗಾರರಿದ್ದಾರೆ. ಮೂವತ್ತು ತುಂಬಿದವನನ್ನು ಈ ಸುತ್ತಿನಲ್ಲಿ ಯಾರು ಮುಟ್ಟುತ್ತಾರೆ? ಲ್ಯೂಟ್ ಈಗ, ಗ್ಯಾಡಿಸ್ ಆಮೇಲೆ. ಇಬ್ಬರೂ ತಮ್ಮವರೇ. ಆರಿನ್‌ಗೆ ಹೇಳಿದರೆ ಅವನೂ ಖುಷಿಯಿಂದ ತೊಡೆ ತಟ್ಟುತ್ತಾನೆ.

ಅವನು ಎದ್ದು ಹೋಗಿ ಲ್ಯೂಟ್‌ನ ಚೀಟಿ ಹಚ್ಚಿದ.

ಗೇಲನ್ ಚೆಂಡು ಹಿಡಿಯುವವನೊಬ್ಬನನ್ನು ತೆಗೆದುಕೊಂಡ. ಜೋಲೀನ್ ಎರಡು ಚೀಟಿ ತೆಗೆದಳು, ಎರಡೂ ವರ್ಲಿನ್ ಎಣಿಸಿದ ಹಾಗೆಯೇ. ಗೇಲನ್ ಮತ್ತೆ ಎದ್ದ. ಗೋಡೆಯ ತನಕ ಹೋಗಿ, ತಲೆ ಕೆರೆದುಕೊಂಡು, ಟೆರೆಲ್ ಗ್ಯಾಡಿಸ್‌ನ ಚೀಟಿಯನ್ನು ತನ್ನ ಸಾಲಿನಲ್ಲಿ ಹಚ್ಚಿದ.

“ಯಾವ ಮ್ಯೂಸಿಯಮ್ಮಿನಿಂದ ತಂದ್ಯೋ ಅವನನ್ನ?” ಎಂದು ಜೋಲೀನ್ ಕೂಗಿದಳು.

“ಏನ್ ಮಾಡ್ಲಿ ಮಾರಾಯ್ತಿ,” ಎಂದ ಗೇಲನ್. “ಆರಿನ್ ಮನೆಗೆ ದಿನಾ ಟಪಾಲು ಹಾಕ್ತೀನಿ. ಬೇಸಿಗೆಯೆಲ್ಲ ಗ್ಯಾಡಿಸ್, ಗ್ಯಾಡಿಸ್, ಗ್ಯಾಡಿಸ್. ತಲೆಗೆ ತುಂಬ್ಸಿಬಿಟ್ಟ. ಏನಂತೀಯ ವರ್ಲಿನ್, ನಿನ್ನ ಡಬ್ಬೀಲಿ ಇವನು ಎಷ್ಟನೆಯವನು?”

“ಮೂವತ್ತೊಂದು,” ಎಂದ ವರ್ಲಿನ್.

ಎಲ್ಲರೂ ಗೊಳ್ಳೆಂದು ನಕ್ಕರು. ಗೇಲನ್ ಎದೆಗೆ ಬಾಣ ಹೊಕ್ಕವನಂತೆ ನಟಿಸಿ ಕುರ್ಚಿಗೆ ಕುಸಿದ.

ಡ್ರಾಫ್ಟ್ ಮುಗಿದ ಗಳಿಗೆಯಿಂದಲೇ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು ಎಂಬುದು ಕೂಟದ ಕಟ್ಟಳೆ. ವರ್ಲಿನ್ ಎದ್ದು ಎರಡು ಹೆಜ್ಜೆ ನಡೆದು, ಅವನು ಆರಿನ್‌ಗೆ ಬೇಕು ಕಣೋ ಎಂದಿದ್ದರೆ ಆಗುತ್ತಿತ್ತು. ಆದರೆ ಹನ್ನೊಂದು ಜನ ಅಲ್ಲೇ ಇದ್ದರು. ಅಷ್ಟು ಜನ ನಕ್ಕ ಮೇಲೆ, ತಾನೇ ಮೂವತ್ತೊಂದು ಎಂದು ಹೇಳಿದವನನ್ನು ತಾನೇ ಬೇಡಿ ಪಡೆಯುವುದೆಂದರೆ! ಕೊನೆಯ ಸುತ್ತು ಮುಗಿದದ್ದೇ ಅವನು ಟೋಪಿ ಹಾಕಿಕೊಂಡು ಹೊರಟ.

ಜಗಲಿಯಲ್ಲಿ ಆರಿನ್ ಕಾಯುತ್ತಿದ್ದ. “ಸಿಕ್ಕಿದ್ನಾ?”

ದಾರಿಯುದ್ದಕ್ಕೂ ವರ್ಲಿನ್ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಬಂದಿದ್ದ. ಕೊಳವೆಯ ಹಿಂದಿನ ಆ ಮುಖ ನೋಡಿದ ಮೇಲೆ ಬಾಯಿಗೆ ಬಂದದ್ದು ಬೇರೆ.

“ಸಿಕ್ಕಿದ.”

ಮಂಗಳವಾರದೊಳಗೆ ಗೇಲನ್‌ನಿಂದ ಅವನನ್ನು ಪಡೆದುಬಿಟ್ಟರೆ ಅದು ಸುಳ್ಳಾಗಿ ಉಳಿಯುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಮಂಗಳವಾರ ಅಂಚೆ ಕಚೇರಿಯ ಹಿಂಬಾಗಿಲಲ್ಲಿ ಗೇಲನ್ ಬುಟ್ಟಿ ತುಂಬುತ್ತಿದ್ದ. ವರ್ಲಿನ್ ವಿಷಯ ತೆಗೆದ.

“ಲ್ಯೂಟ್‌ನ ಕೊಡು, ಗ್ಯಾಡಿಸ್‌ನ ತಗೋ,” ಎಂದ ಗೇಲನ್.

“ಹದಿನಾಲ್ಕಕ್ಕೆ ಮೂವತ್ತೊಂದಾ? ನನ್ನ ಹತ್ರ ಇಪ್ಪತ್ತೆರಡನೆಯವನೊಬ್ಬ ಇದಾನೆ.”

“ನಿನ್ನ ನಂಬರು ನಿನಗೆ ಮಾರಾಯ. ಅಷ್ಟಕ್ಕೂ ಮೂವತ್ತೊಂದನೆಯವನು ನಿನಗ್ಯಾಕೆ ಈಗ?”

ಉತ್ತರ ಒಂದೇ ಸಾಲಿನದು. ವರ್ಲಿನ್ ಅದನ್ನು ಹೇಳಲಿಲ್ಲ. “ಸುಮ್ನೆ ಕೇಳಿದೆ,” ಎಂದು ಬಂದುಬಿಟ್ಟ. ಆರಿನ್‌ನ ಹೆಸರು ಹೇಳಿದ್ದರೆ ಡ್ರಾಫ್ಟಿನ ದಿನ ಮಾತು ತಪ್ಪಿದ್ದನ್ನೂ ಹೇಳಬೇಕಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಆಟ ಶುರುವಾಯಿತು. ಮೊದಲ ಭಾನುವಾರವೇ ಗ್ಯಾಡಿಸ್ ಮೂರು ಸಲ ಎದುರಾಳಿಯ ಕೊನೆಯ ಗೆರೆ ದಾಟಿದ. ಬಿದ್ದ, ಕೈಯೂರಿ ಎದ್ದ, ಮತ್ತೆ ಓಡಿದ. ಇನ್ನು ಗೇಲನ್ ಅವನನ್ನು ಲ್ಯೂಟ್‌ಗೆ ಬದಲಾಗಿಯೂ ಬಿಟ್ಟುಕೊಡುವುದಿಲ್ಲ ಎಂದು ವರ್ಲಿನ್‌ಗೆ ಆಗಲೇ ಅನ್ನಿಸಿತು.

ವರ್ಲಿನ್ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಅಲ್ಲಿ ಆರಾಧನೆಯ ಮೊದಲಿಗೆ ಎಲ್ಲರೂ ಒಟ್ಟಾಗಿ ತಪ್ಪೊಪ್ಪಿಕೊಳ್ಳುವ ಮಾತೊಂದಿದೆ, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ. ಎಳೆವಯಸ್ಸಿನಿಂದ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು. ಆ ಶರತ್ಕಾಲದಲ್ಲಿ ಅದನ್ನು ಹೇಳುವಾಗಲೆಲ್ಲ ಅವನ ದನಿ ಉಡುಗುತ್ತಿತ್ತು. ಹೇಳಿ ಮುಗಿಸಿ, ಕ್ಷಮೆ ದೊರೆಯಿತೆಂಬ ಪಾದ್ರಿಯ ಮಾತನ್ನು ಕೇಳಿ, ಹನ್ನೆರಡು ಗಂಟೆಗೆ ಅಲ್ಲಿಂದ ನೇರ ಆರಿನ್‌ನ ಮನೆಗೆ ಹೋಗಿ ಮತ್ತದೇ ಸುಳ್ಳಿನ ಪಕ್ಕ ಕೂರುತ್ತಿದ್ದ. ದೇವರು ಕ್ಷಮಿಸಿರಬಹುದು. ಆದರೆ ಕೇಳಬೇಕಾಗಿದ್ದದ್ದು ಹೂವಿನ ಚಿತ್ತಾರದ ಸೋಫಾದ ಮೇಲೆ ಕಂಬಳಿ ಹೊದ್ದು ಕೂತಿದ್ದವನನ್ನು.

ಆರಿನ್ ಟಿವಿಯ ಮುಂದೆ ಕೂತು, ಹಳೆಯ ಲಕೋಟೆಯ ಬೆನ್ನಿನ ಮೇಲೆ ಗ್ಯಾಡಿಸ್‌ನ ಗಜಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಒಂದು ಸಲ ಗ್ಯಾಡಿಸ್ ನಾಲ್ಕು ಜನರನ್ನು ಬೆನ್ನಿಗೆ ಅಂಟಿಸಿಕೊಂಡೇ ಗೆರೆ ದಾಟಿದ. ಆರಿನ್ ಟಿವಿ ನೋಡುವುದು ಬಿಟ್ಟು ವರ್ಲಿನ್‌ನ ಕಡೆ ತಿರುಗಿದ.

“ನಮ್ಮವನು ತಾನೇ?”

“ಹೂಂ. ನಮ್ಮವನೇ.”

“ಎಂಥ ಅದೃಷ್ಟ ನೋಡು. ಅವತ್ತು ಯಾರಾದ್ರೂ ಮಧ್ಯ ಎತ್ಕೊಂಡು ಹೋಗಿದ್ರೆ? ಜೋಲೀನೋ, ಗೇಲನ್ನೋ?”

“ಹೌದು,” ಎಂದ ವರ್ಲಿನ್, ಕಾಫಿಯ ಲೋಟದೊಳಕ್ಕೆ ನೋಡುತ್ತಾ.

“ಏನಾದ್ರೂ ಹೇಳೋದಿದ್ಯಾ ನಿನಗೆ? ಮುಖ ಒಂಥರಾ ಇದೆ.”

“ಇಲ್ಲಪ್ಪ. ನಿನ್ನೆಯ ಮೀನು ಹೊಟ್ಟೆಗೆ ಒಗ್ಗಲಿಲ್ಲ.”

ಆರಿನ್ ಇನ್ನೊಂದು ಗಳಿಗೆ ಅವನನ್ನೇ ನೋಡಿ, ಮತ್ತೆ ಪೆನ್ಸಿಲ್ ಎತ್ತಿಕೊಂಡ.

ಒಂಬತ್ತು ಭಾನುವಾರ ಹೀಗೇ ಹೋಯಿತು. ಹತ್ತನೆಯದಕ್ಕೆ ಹೇಳಿಯೇಬಿಡಬೇಕೆಂದು ವರ್ಲಿನ್ ಗಟ್ಟಿ ಮನಸ್ಸು ಮಾಡಿದ್ದ. ಅದರ ಹಿಂದಿನ ಗುರುವಾರ ಬೆಳಿಗ್ಗೆ ಜಿಲ್ಲೆಯ ಆಸ್ಪತ್ರೆಯಲ್ಲಿ ಆರಿನ್ ತೀರಿಕೊಂಡ. ಕೊನೆಗೆ ಕೈ ಹಿಡಿದುಕೊಂಡಿದ್ದವಳು ಮಾರ್ಲಿಸ್. ವರ್ಲಿನ್ ಕಾರು ನಿಲ್ಲಿಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಸ್ಯಾಂಡ್‌ವಿಚ್, ಆಲೂಗಡ್ಡೆಯ ದೊಡ್ಡ ತಟ್ಟೆಗಳು, ಕಾಫಿ. ಗೇಲನ್ ಹರಿವಾಣ ಹಿಡಿದುಕೊಂಡು ಬಂದು ವರ್ಲಿನ್‌ನ ಎದುರು ಕೂತ. ಒಳ್ಳೆಯ ಮನುಷ್ಯ ಅವನು. ಅಂದು ಅವನ ಕಣ್ಣು ಕೆಂಪಾಗಿತ್ತು.

“ನೀನು ಹೇಳಿದ್ಯಾ ಕೊನೆಗೆ?” ಎಂದು ಕೇಳಿದ.

“ಏನನ್ನ?”

“ಗ್ಯಾಡಿಸ್ ವಿಷಯ.” ಗೇಲನ್ ಸ್ಯಾಂಡ್‌ವಿಚ್ ಕೆಳಗಿಟ್ಟ. “ಎರಡನೇ ವಾರಾನೇ ಗೊತ್ತಾಗಿತ್ತು ಕಣಯ್ಯ ಅವನಿಗೆ. ನಿನ್ನ ಗ್ಯಾಡಿಸ್ ನನ್ನನ್ನ ಗೆಲ್ಲಿಸಿಬಿಟ್ಟ ಆರಿನ್ ಅಂತ ನಾನೇ ಬಾಯಿಬಿಟ್ಟೆ, ನನಗೇನು ಗೊತ್ತು? ಕಾಗದ ಕೈಲಿ ಹಿಡ್ಕೊಂಡು ಸುಮ್ನೆ ಕೂತ. ಆಮೇಲೆ ಎಲ್ಲಾ ಹೇಳಿದ. ಈಗ್ಲೇ ಬಿಟ್ಟುಕೊಡ್ತೀನಿ, ಏನೂ ಬೇಡ ನನಗೆ ಅಂದೆ. ಬೇಡ ಅಂದುಬಿಟ್ಟ. ವರ್ಲಿನ್ ತಾನೇ ಹೇಳ್ತಾನೆ, ನೀನು ಸುಮ್ನಿರು, ಅವನು ಹೇಳೋವರೆಗೂ ನಾವು ಕಾಯೋಣ ಅಂದ.”

ವರ್ಲಿನ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಆ ದಿನ ಠಾಣೇಲೇ ನನ್ನ ಕಿವೀಲಿ ಒಂದು ಮಾತು ಹಾಕಿದ್ರೆ...” ಎಂದು ಶುರುಮಾಡಿದ ಗೇಲನ್, ಎದುರಿನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಲಕೋಟೆಯ ಮೇಲೆ ಅಂಕ ಬರೆಯುತ್ತಿದ್ದವನಿಗೆ ಆ ಅಂಕ ತಮ್ಮದಲ್ಲವೆಂದು ಗೊತ್ತಿತ್ತು. ಆದರೂ ಬರೆದ. ಕೇಳಿದ ಒಂದೊಂದು ಪ್ರಶ್ನೆಯೂ ವರ್ಲಿನ್‌ಗಾಗಿ ಅವನು ತೆರೆದಿಟ್ಟ ಬಾಗಿಲಾಗಿತ್ತು. ಅಷ್ಟು ಬಾಗಿಲುಗಳ ಮುಂದೆಯೂ ಇವನು ಮೀನಿನ ಮಾತಾಡಿದ್ದ, ಹವೆಯ ಮಾತಾಡಿದ್ದ, ಕಾರ್ಖಾನೆಯ ಹೊಸ ಯಂತ್ರದ ಮಾತಾಡಿದ್ದ. ಬೇರೆಯವರ ಮಂಡಿಯ ಒಳಗೆ ಏನಿದೆಯೆಂದು ಹೇಳಬಲ್ಲೆನೆಂದು ಬೀಗಿದವನಿಗೆ ಪಕ್ಕದ ಸೋಫಾದಲ್ಲಿ ಕೂತವನ ಮುಖ ಓದಲು ಬರಲಿಲ್ಲ.

ಲ್ಯೂಟ್ ಆ ವರ್ಷ ಚೆನ್ನಾಗಿಯೇ ಓಡಿದ. ಪಟ್ಟಿ ಅಲ್ಲಿ ತಪ್ಪಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ ವರ್ಲಿನ್ ಎದ್ದು ಹೋಗುತ್ತಿದ್ದ.

ಜನವರಿಯ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟವಾದ ಮೇಲೆ, ಅವಳು ಪಾತ್ರೆ ತೊಳೆಯುತ್ತಿದ್ದಳು, ಅವನು ಒರೆಸುತ್ತಿದ್ದ. ಕಿಟಕಿಯ ಹೊರಗೆ ಹಿಮ ಸೊಂಟದೆತ್ತರ. ಅವನು ಕೇಳಿಯೇಬಿಟ್ಟ.

“ಅವನಿಗೆ ನನ್ನ ಮೇಲೆ ಸಿಟ್ಟಿತ್ತಾ ಅಕ್ಕ?”

ಮಾರ್ಲಿಸ್ ಯಾವುದರ ಬಗ್ಗೆ ಎಂದು ಕೇಳಲಿಲ್ಲ. “ಗೊತ್ತಾದ ಮೊದಲನೇ ವಾರ ಇತ್ತು. ಬೈದ. ಡಬ್ಬೀನ ಹೊಳೆಗೆ ಎಸೀಬೇಕು ಅವನದು ಅಂದ. ಆಮೇಲೆ ಇಲ್ಲ.” ಅವಳು ಒಂದು ತಟ್ಟೆಯನ್ನು ಎರಡು ಸಲ ತೊಳೆದಳು. “ಭಾನುವಾರ ಬೆಳಿಗ್ಗೆ ಆದ್ರೆ ಗಡ್ಡ ಮಾಡು ಅಂತಿದ್ದ ನನಗೆ. ಕೈ ನಡುಗ್ತಿತ್ತಲ್ಲ, ತಾನೇ ಮಾಡ್ಕೊಳ್ಳೋಕೆ ಆಗ್ತಿರಲಿಲ್ಲ. ಒಗೆದ ಅಂಗಿ ಹಾಕಿಸ್ಕೊಂಡು ಕೂರೋನು. ಇವತ್ತು ಹೇಳ್ತಾನೆ ಕಣೇ ಅನ್ನೋನು. ಹೇಳಿದ ಕೂಡ್ಲೇ ಹೇಗೆ ಬೆಚ್ಚಿಬೀಳಿಸ್ಬೇಕು, ಯಾವ ಮಾತು ಹೇಳಿ ನಗಿಸ್ಬೇಕು, ಎಲ್ಲಾ ಯೋಚನೆ ಮಾಡಿಟ್ಟಿದ್ದ.”

“ಏನು ಮಾತು?”

“ನನಗೆ ಹೇಳಲಿಲ್ಲ. ನಿನಗೆ ಅಂತ ಇಟ್ಕೊಂಡಿದ್ದ.”

ವರ್ಲಿನ್ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ನಿಂತ. ಹೇಳುವುದರಿಂದ ಇನ್ನು ಯಾರಿಗೂ ಏನೂ ಆಗಬೇಕಾದ್ದಿರಲಿಲ್ಲ. ಆದರೂ ಅವನು ಹೇಳಿದ, ಒಂದೊಂದೇ ಮಾತನ್ನು ಎತ್ತಿಡುತ್ತಾ.

“ಗ್ಯಾಡಿಸ್ ನಮಗೆ ಸಿಗಲಿಲ್ಲ. ಸಿಗ್ತಿದ್ದ. ನಾನೇ ತಗೊಳ್ಳಲಿಲ್ಲ. ಮಾತು ಕೊಟ್ಟು ತಗೊಳ್ಳಲಿಲ್ಲ.”

ಮಾರ್ಲಿಸ್ ನೀರಿನಿಂದ ಕೈ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ. “ಅಷ್ಟೇ ಅಲ್ವೇನೋ ಹೇಳೋಕೆ ಇದ್ದದ್ದು,” ಎಂದಳು ಮೆಲ್ಲಗೆ. ಆಮೇಲೆ ನೀರು ಸುರಿಯುತ್ತಿದ್ದ ತಟ್ಟೆಯೊಂದನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಒರೆಸತೊಡಗಿದ.